ದೋಣಿ ಎಲ್ಲಿಗೆ ಹೋಗುತ್ತಿದೆ?

"ಸಮತೋಲನ!" ಎಂದು ಅವನು ಹಲ್ಲುಜ್ಜುತ್ತಲೇ ಕನ್ನಡಿಗೆ ಹೇಳಿದ. ಬಾಯಿಂದ ನೊರೆ ಹಾರಿ ಕನ್ನಡಿಯೊಳಗಿನ ಅವನ ಮೂಗಿನ ಮೇಲೆ ಕೂತಿತು. ಅವನಿಗೆ ನಗು ತಡೆಯಲಾಗಲಿಲ್ಲ. ಎದ್ದಾಗಿನಿಂದ ಹೀಗೆಯೇ, ಏನು ಕಂಡರೂ ನಗು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎರಡನೇ ಕ್ಲಾಸಿನ ಮಗಳಿಗೆ ಮನೆಯಲ್ಲೇ ಭಾಷೆ ಕಲಿಸಲು ಒಂದು ಸಮತೋಲನದ ಪಠ್ಯಕ್ರಮವನ್ನು ಅವನು ಇವತ್ತು ಆರಿಸಲಿದ್ದ. ಆರಿಸಿಯೇ ತೀರುವವನಿದ್ದ.

"ಮೇಲಿನ ಸಾಲು ಉಜ್ಜಲೇ ಇಲ್ಲ ನೀವು," ಎಂದಳು ಬಾಗಿಲಲ್ಲಿ ನಿಂತ ಹೆಂಡತಿ. ಅವಳು ಹಲ್ಲಿನ ಡಾಕ್ಟರು. ಅವನೂ ಡಾಕ್ಟರೇ, ಆದರೆ ಭಾಷಾಶಾಸ್ತ್ರದ್ದು. "ಅವಳು ಹಲ್ಲು ನೋಡ್ಕೋತಾಳೆ, ನಾನು ನಾಲಿಗೆ" ಎಂದು ಮನೆಗೆ ಬಂದವರಿಗೆ ಹೇಳಿ ನಗಿಸುತ್ತಿದ್ದ. ಈಚೆಗೆ ಮನೆಗೆ ಯಾರೂ ಬಂದಿರಲಿಲ್ಲ.

"ಕೇಳೋದು, ಮಾತಾಡೋದು, ಓದೋದು, ಬರೆಯೋದು. ನಾಲ್ಕೂ ಸಮ ಇರ್ಬೇಕು. ಮೇಜಿಗೆ ನಾಲ್ಕು ಕಾಲಿದ್ದ ಹಾಗೆ."

"ಆ ಮೇಜಿನ ಮೇಲೆ ತಟ್ಟೆ ಇಡೋಕೆ ಜಾಗ ಇಲ್ದೆ ಎರಡು ತಿಂಗಳಾಯ್ತು."

"ಇವತ್ತು ಮುಗಿಯುತ್ತೆ."

"ನಿನ್ನೇನೂ ಹೀಗೇ ಅಂದ್ರಿ. ಎಲ್ರೂ ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ರೆ, ನೀವು ಕೂಸು ಬೆಳೆದು ದೊಡ್ಡದಾದ್ರೂ ಹೊಲೀತಾನೇ ಇದ್ದೀರಿ." ಅವಳು ಅವನ ಕೈಯಿಂದ ಬ್ರಷ್ ತೆಗೆದುಕೊಂಡು, ಅದನ್ನು ಹೇಗೆ ಹಿಡಿಯಬೇಕೆಂದು ತೋರಿಸಿ, ಮತ್ತೆ ಅವನ ಕೈಗೇ ಕೊಟ್ಟಳು. "ಕೇಳಿ. ಸಂಜೆ ನಾನು ಬರೋಷ್ಟರಲ್ಲಿ ಯಾವುದಾದ್ರೂ ಒಂದನ್ನ ಆರಿಸಿರಿ. ಇಲ್ಲಾಂದ್ರೆ ಸೋಮವಾರ ಅವಳು ಸ್ಕೂಲಿಗೆ. ಹೆಡ್‌ಮಿಸ್ಸಿಗೆ ಫೋನ್ ಮಾಡಿದ್ದೆ. ಸೀಟು ಇನ್ನೂ ಹಾಗೇ ಇದೆಯಂತೆ."

ಬಾಯಿ ತುಂಬ ನೊರೆ ಇದ್ದುದರಿಂದ ಅವನು ಬ್ರಷ್ಷಿನಿಂದಲೇ ಸಲ್ಯೂಟ್ ಹೊಡೆದ. ಅವಳ ಎದುರು ಬಾಯಿ ತೆರೆದವರು ಯಾರೂ ಮಾತಾಡುವಂತಿರಲಿಲ್ಲ. ಅದು ಅವಳ ವೃತ್ತಿಯ ಅನುಕೂಲ.

ಅವಳು ಹೊರಟು ಬಾಗಿಲು ಹಾಕಿಕೊಂಡ ಸದ್ದಿಗೆ ಅವನ ಕಣ್ಣ ಮುಂದೆ ಒಂದು ಕ್ಷಣ ಸೋಮವಾರ ಬಂದು ನಿಂತಿತು. ಮೊದಲು ಅಮ್ಮ, ಅವಳ ಹಿಂದೆ ಬ್ಯಾಗು ಹೊತ್ತ ಮಗಳು, ಆಮೇಲೆ ಇದೇ ಸದ್ದು. ಆಮೇಲೆ ಫ್ರಿಜ್ಜು ಗುರ್ ಎನ್ನುವ ಈ ಮನೆ ಮತ್ತು ಅವನು. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಆದರೆ ಇವತ್ತು ಇನ್ನೂ ಶುಕ್ರವಾರ. ಹೆದರಿಕೆಯನ್ನೂ ನೊರೆಯನ್ನೂ ಒಟ್ಟಿಗೇ ಉಗಿದು, ಶಿಳ್ಳೆ ಹಾಕುತ್ತ ಅವನು ಮೇಜಿನತ್ತ ನಡೆದ.

ಮಗಳು ಆಗಲೇ ತನ್ನ ಕುರ್ಚಿಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಮನೆಯಲ್ಲಿ ಅವಳನ್ನು ಅರಳು ಎಂದು ಕರೆಯುತ್ತಿದ್ದರು. ಮಾತು ಬಂದಂದಿನಿಂದ ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಮಗು. ಸ್ಕೂಲಿನಲ್ಲಿ ಅದೇ ತಂಟೆಯಾಗಿ, ಕ್ಲಾಸಿನ ಮಿಸ್ಸು ಅವಳೊಬ್ಬಳನ್ನೇ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಅವನು ಹೆಡ್‌ಮಿಸ್ಸಿನ ಕೋಣೆಗೆ ನುಗ್ಗಿ, "ಇದು ಮಾತನ್ನು ಕೊಲ್ಲುವ ಕಾರ್ಖಾನೆ" ಎಂದು ಶುರುಮಾಡಿ, ಅವರು ಮತ್ತೆ ಮತ್ತೆ ಗಡಿಯಾರ ನೋಡುವವರೆಗೂ ಬಿಡದೆ ಮಾತಾಡಿ, ಮಗಳ ಕೈಹಿಡಿದು ಹೊರಬಿದ್ದ. ಅವನ ಬದುಕಿನಲ್ಲಿ ಅಷ್ಟು ಖುಷಿಯ ನಡಿಗೆ ಇನ್ನೊಂದಿಲ್ಲ. ದಾರಿಯುದ್ದಕ್ಕೂ ಅರಳು ಏನೇನೋ ಹೇಳುತ್ತಲೇ ಇದ್ದಳು. ಏನು ಹೇಳಿದಳೆಂಬುದು ಅವನಿಗೆ ಈಗ ನೆನಪಿಲ್ಲ. ಹೆಡ್‌ಮಿಸ್ಸಿಗೆ ತಾನು ಹೇಳಿದ್ದನ್ನು ಅವನು ಆಗ ಮನಸ್ಸಿನಲ್ಲೇ ತಿದ್ದಿ ತೀಡಿ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದ.

ಆ ವಾರವೇ ಅವನು ಕೆಲಸ ಬಿಟ್ಟ. ಅಡುಗೆಮನೆಯ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ಅವನು ಕೈಪಿಡಿ ಬರೆಯುತ್ತಿದ್ದ. 'ಗುಂಡಿಯನ್ನು ಒತ್ತಿರಿ. ಹಸಿರು ದೀಪ ಹತ್ತುವವರೆಗೆ ಕಾಯಿರಿ.' ಸಾವಿರಾರು ಮನೆಗಳಲ್ಲಿ ಅವನ ಗದ್ಯವಿತ್ತು, ಒಬ್ಬರೂ ಅದನ್ನು ಓದಿರಲಿಲ್ಲ. ಅವನು ಬಿಟ್ಟುಹೋದದ್ದು ಪಕ್ಕದಲ್ಲಿ ಕೂರುತ್ತಿದ್ದವನಿಗೆ ಗೊತ್ತಾದದ್ದು, ಇವನ ಖಾಲಿ ಕುರ್ಚಿಯ ಮೇಲೆ ಯಾರೋ ಪ್ರಿಂಟರ್ ತಂದಿಟ್ಟಾಗ. ಇದನ್ನೂ ಅವನು ನಗುತ್ತಲೇ ಹೆಂಡತಿಗೆ ಹೇಳಿದ್ದ.

ಅಂದಿನಿಂದ ಅವನು ಆರಿಸುತ್ತಿದ್ದಾನೆ. ಕಲಿಸುವುದೇನು ಮಹಾ, ಯಾರು ಬೇಕಾದರೂ ಕಲಿಸುತ್ತಾರೆ. ಆರಿಸುವುದರಲ್ಲೇ ಇರುವುದು ಎಲ್ಲ. ಮಾದರಿ ಪುಸ್ತಕಗಳು ಬಂದವು, ಪೆಟ್ಟಿಗೆಗಳು ಬಂದವು. ಅವನು ಕಿಟಕಿಗೆ ಬೆನ್ನು ಹಾಕಿ ಕೂತು ಬೆಳಗಿನಿಂದ ಸಂಜೆಯವರೆಗೆ ಹಾಳೆ ಮಗುಚುತ್ತಿದ್ದ. ಅರಳು ಎದುರಿನ ಕುರ್ಚಿಯಲ್ಲಿ, ದಿಂಬಿನ ಮೇಲೆ ಕೂತು, ಅವೇ ಹಾಳೆಗಳನ್ನು ಆಚೆಯಿಂದ ನೋಡುತ್ತಿದ್ದಳು. ಎರಡು ತಿಂಗಳಿನಿಂದ ಅವಳ ವಿದ್ಯಾಭ್ಯಾಸ ಇದೇ.

ಕೊನೆಯ ಸುತ್ತಿಗೆ ಮೂರು ಪಠ್ಯಕ್ರಮಗಳು ಉಳಿದಿದ್ದವು. ಅವನು ಮೂರಕ್ಕೂ ಹೆಸರಿಟ್ಟಿದ್ದ. ಒಂದು ಹವಾಲ್ದಾರ: ಓದು, ಬರೆ, ಅಳಿಸು, ಮತ್ತೆ ಬರೆ. ಇನ್ನೊಂದು ಕನಸುಗಾರ: ಮಗು ಹುಲ್ಲಿನ ಮೇಲೆ ಮಲಗಿ ಗಾಳಿಯ ಸದ್ದು ಕೇಳಬೇಕು, ಅಕ್ಷರ ತನಗೆ ಬೇಕೆನಿಸಿದಾಗ ತಾನೇ ಬರುತ್ತದೆ. ಮೂರನೆಯದು ಸಂತೆ: ಅಂಟು, ಕತ್ತರಿ, ಬಣ್ಣದ ಚೀಟಿ, ಕಾಲ್ಚೀಲದಲ್ಲಿ ಮಾಡುವ ಗೊಂಬೆ.

"ಅರಳೂ, ಇವತ್ತು ಮೂರನ್ನೂ ಪರೀಕ್ಷೆ ಮಾಡಿಬಿಡೋಣ. ನೀನೇ ಜಡ್ಜು!"

ಅರಳು ತಲೆಯಾಡಿಸಿದಳು.

ಮೊದಲು ಹವಾಲ್ದಾರ. ಅವನು ಪುಸ್ತಕವನ್ನು ಅವಳ ಮುಂದಿಟ್ಟ. ಅವಳು ಅದನ್ನು ಮೆಲ್ಲಗೆ ತಿರುಗಿಸಿ ತಲೆಕೆಳಗು ಮಾಡಿಕೊಂಡಳು.

"ಹಾಗಲ್ಲ ಪುಟ್ಟಿ, ಹೀಗೆ," ಎಂದು ಅವನು ಸರಿಮಾಡಿದ. ಅವನ ಕೈ ಹಿಂದೆ ಸರಿದದ್ದೇ ಅವಳು ಮತ್ತೆ ತಿರುಗಿಸಿದಳು. ಅವನು ಮತ್ತೆ ಸರಿಮಾಡಿದ. ಅವಳು ಸೋತು, ಒಂದೊಂದೇ ಪದವನ್ನು ಹೆಕ್ಕುತ್ತ ಓದಿದಳು, ಅರ್ಧಕ್ಕೇ ನಿಂತಳು.

ದಿಕ್ಕಿನ ಗೊಂದಲ! ಅವನು ಕುರ್ಚಿಯಲ್ಲೇ ಪುಟಿದ. ಇಂಥದ್ದಕ್ಕೆ ಒಂದು ದೊಡ್ಡ ಹೆಸರು ಇರಲೇಬೇಕು, ಹೆಸರಿದ್ದ ಮೇಲೆ ಅದಕ್ಕೊಂದು ಅಧ್ಯಾಯ ಇರಲೇಬೇಕು. ಹವಾಲ್ದಾರನಲ್ಲಿ ಅದಿರಲಿಲ್ಲ. ಹವಾಲ್ದಾರ ಔಟ್.

ಕನಸುಗಾರನಿಗೆ ಹುಲ್ಲು ಬೇಕಿತ್ತು. ನಾಲ್ಕನೇ ಮಹಡಿಯಲ್ಲಿ ಹುಲ್ಲೆಲ್ಲಿ? ಇಬ್ಬರೂ ನಡುಮನೆಯ ಜಮಖಾನದ ಮೇಲೆ ಅಂಗಾತ ಮಲಗಿದರು. ಮೇಲೆ ಫ್ಯಾನು ತಿರುಗುತ್ತಿತ್ತು. ಅದನ್ನೇ ಗಾಳಿ ಎಂದುಕೊಳ್ಳುವುದೆಂದು ತೀರ್ಮಾನವಾಯಿತು. ಅವಳ ಕೂದಲು ಅವನ ತೋಳಿಗೆ ತಾಗುತ್ತಿತ್ತು. ಅರಳು ಬಾಯಿ ತೆರೆದು ಏನೋ ಹೇಳಹೊರಟಳು. ಅವನು ತುಟಿಯ ಮೇಲೆ ಬೆರಳಿಟ್ಟು, "ಶ್, ಈಗ ಕೇಳೋ ಸಮಯ" ಎಂದ. ಸ್ವಲ್ಪ ಹೊತ್ತಿಗೆ ಅವನಿಗೇ ನಿದ್ದೆ ಹತ್ತಿತು.

ಸಂತೆಯದ್ದು ಚುಟುಕಾಗಿ ಮುಗಿಯಿತು. ಅವನು ಕಾಲ್ಚೀಲವನ್ನು ಕೈಗೆ ಹಾಕಿಕೊಂಡು, ಗುಂಡಿಯ ಕಣ್ಣು ಅಂಟಿಸಿ, ಕೀರಲು ದನಿಯಲ್ಲಿ, "ನಮಸ್ಕಾರ ಅರಳು! ನಾನು ಯಾರು ಗೊತ್ತಾ?" ಎಂದ.

"ಅಮ್ಮನ ಕಾಲ್ಚೀಲ," ಎಂದಳು ಅರಳು.

ಅವನು ಬಿದ್ದು ಬಿದ್ದು ನಕ್ಕ. ಅವಳು ಅವನ ಮುಖ ನೋಡಿದಳು. ನಗಬೇಕೋ ಬೇಡವೋ ಎಂದು ಅವಳಿಗೆ ಗೊತ್ತಾಗಲಿಲ್ಲ.

ಮೂರೂ ಹೋದವು. ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲ. ಇಂಥ ಹೊತ್ತಿನಲ್ಲಿ ಬೇರೆಯವರಾದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಅವನಿಗೆ ಮಾತ್ರ ಉತ್ಸಾಹ ಇನ್ನೂ ಏರಿತು. ಎಲ್ಲೋ ಕಂಡು ಬರೆದಿಟ್ಟುಕೊಂಡಿದ್ದ ಒಬ್ಬ ಪಠ್ಯಕ್ರಮದ ಸಲಹೆಗಾರ್ತಿಯ ನಂಬರಿಗೆ ಫೋನ್ ಮಾಡಿದ.

"ನಿಮ್ಮ ಪ್ರಶ್ನೆ ತುಂಬ ಒಳ್ಳೆ ಪ್ರಶ್ನೆ ಸರ್," ಎಂದಿತು ಆ ಕಡೆಯ ದನಿ. ಅವನಿನ್ನೂ ಏನನ್ನೂ ಕೇಳಿರಲಿಲ್ಲ.

ಅವನು ಸಮತೋಲನದ ಬಗ್ಗೆ, ನಾಲ್ಕು ಕಾಲಿನ ಬಗ್ಗೆ, ದಿಕ್ಕಿನ ಗೊಂದಲದ ಬಗ್ಗೆ ಹೇಳಿದ. ಅವಳು ಎಲ್ಲಕ್ಕೂ "ಹೂಂ ಸರ್" ಎಂದಳು.

"ಹಾಗಾದ್ರೆ ನಿಮಗೆ ಬೇಕಾಗಿರೋದು ನಮ್ಮ ಸಂಭಾಷಣಾ ಕ್ರಮ ಸರ್. ಇದರಲ್ಲಿ ಕಲಿಸೋರು ಏನು ಹೇಳ್ಬೇಕು ಅನ್ನೋದು ದಪ್ಪ ಅಕ್ಷರದಲ್ಲಿರುತ್ತೆ. ಮಗು ಏನು ಹೇಳುತ್ತೆ ಅನ್ನೋದು ಓರೆ ಅಕ್ಷರದಲ್ಲಿ."

"ಮಗು ಹೇಳೋದನ್ನೂ ಅಚ್ಚು ಮಾಡಿರ್ತೀರಾ?"

"ಎಲ್ಲಾ ಮಾಡಿರ್ತೀವಿ ಸರ್."

"ಮಗು ಬೇರೆ ಏನಾದ್ರೂ ಹೇಳಿದ್ರೆ?"

"ಹೇಳಲ್ಲ ಸರ್."

"ಅಕಸ್ಮಾತ್ ಹೇಳಿದ್ರೆ?"

ಆ ಕಡೆ ಹಾಳೆ ತಿರುಗಿಸಿದ ಸದ್ದು. "ಮತ್ತೆ ಕೇಳಿ ಸರ್. ಸರಿ ಉತ್ತರ ಬರೋವರೆಗೆ ಕೇಳ್ತಾ ಇರಿ. ಮಾದರಿ ಪಾಠ ಮೇಲ್ ಮಾಡ್ತೀನಿ, ಪ್ರಿಂಟ್ ತೆಗೆಸ್ಕೊಳ್ಳಿ."

ಅವನ ಮೈಯೆಲ್ಲ ಹಗುರವಾಯಿತು. ಇಷ್ಟು ವರ್ಷ ಅವನು ಬರೆದ ಕೈಪಿಡಿಗಳಲ್ಲಿ ಇದ್ದದ್ದು ಅರ್ಧವೇ. ಗುಂಡಿ ಒತ್ತುವವನ ಕಡೆಯದ್ದು ಮಾತ್ರ. ಯಂತ್ರ ಏನು ಹೇಳುತ್ತದೆಂದು ಬರೆಯಲು ಅವನಿಗೆ ಹೊಳೆದಿರಲಿಲ್ಲ. ಇಲ್ಲಿ ಯಾರೋ ಪುಣ್ಯಾತ್ಮರು ಎರಡೂ ಕಡೆ ಬರೆದಿಟ್ಟಿದ್ದರು. ಇಲ್ಲಿ ತಪ್ಪಾಗಲು ಸಾಧ್ಯವೇ ಇರಲಿಲ್ಲ.

"ಅರಳೂ, ಚಪ್ಪಲಿ ಹಾಕ್ಕೋ! ಜೆರಾಕ್ಸ್ ಅಂಗಡಿಗೆ!"

ಮೆಟ್ಟಿಲು ಇಳಿಯುವಾಗ ಅವಳು ಅವನ ಕಿರುಬೆರಳು ಹಿಡಿದಿದ್ದಳು. ಎರಡನೇ ಮಹಡಿಗೆ ಬಂದಾಗ ನಿಂತಳು.

"ಅಪ್ಪ, ಒಂದು ವಿಷಯ ಹೇಳ್ಲಾ?"

"ಹೇಳು ಹೇಳು!" ಅವನು ಅಲ್ಲೇ ಮಂಡಿಯೂರಿ ಕೂತ. "ಪೂರ್ತಿ ವಾಕ್ಯದಲ್ಲಿ ಹೇಳು ನೋಡೋಣ."

ಅವಳು ಯೋಚಿಸಿದಳು. ತುಟಿ ಸ್ವಲ್ಪ ಅಲ್ಲಾಡಿತು. ಆಮೇಲೆ "ಏನಿಲ್ಲ" ಎಂದಳು.

ಮಾತಿನ ಕಾಲು ಸ್ವಲ್ಪ ಕುಂಟುತ್ತಿದೆ ಎಂದು ಅವನು ಮನಸ್ಸಿನಲ್ಲಿ ಬರೆದುಕೊಂಡ. ಪರವಾಗಿಲ್ಲ, ಔಷಧಿ ಬರುತ್ತಿದೆ.

ಜೆರಾಕ್ಸ್ ಅಂಗಡಿಯಲ್ಲಿ ಯಂತ್ರದ ಹಸಿರು ಬೆಳಕು ಗೋಡೆಯ ಮೇಲೆ ಓಡಾಡುತ್ತಿತ್ತು. ಅಂಗಡಿಯವನು ಅರಳಿನ ಕಡೆ ಬಗ್ಗಿ, "ಏನು ಪುಟ್ಟಿ, ಇವತ್ತು ಸ್ಕೂಲಿಲ್ವಾ?" ಎಂದ.

ಅರಳು ಅಪ್ಪನನ್ನು ನೋಡಿದಳು. ಅಪ್ಪ ಉತ್ತರ ಕೊಟ್ಟ. ಸ್ಕೂಲೆಂದರೇನು, ಮಾತೆಂದರೇನು, ಕಾರ್ಖಾನೆ ಎಂದರೇನು, ಎಲ್ಲವನ್ನೂ ಹೇಳಿದ. ಹೆಡ್‌ಮಿಸ್ಸಿಗೆ ಹೇಳಿದ್ದಕ್ಕಿಂತ ಈಗ ಚೆನ್ನಾಗಿಯೇ ಬಂತು. ಅಂಗಡಿಯವನು ಹಾಳೆ ಜೋಡಿಸುತ್ತ ಕೇಳಿಸಿಕೊಂಡ.

"ಒಂದು ಸೆಟ್ಟಾ ಸಾರ್, ಎರಡಾ?"

"ಒಂದು ಸಾಕು. ಪಾಠ ಮಾಡೋನು ನಾನೊಬ್ಬನೇ ತಾನೇ."

ಹಾಳೆಗಳು ಬಿಸಿಯಾಗಿದ್ದವು. ಅರಳು ಅವುಗಳಿಗೆ ಕೆನ್ನೆ ಒತ್ತಿಕೊಂಡು ಮನೆಯವರೆಗೂ ನಡೆದಳು.

ಮತ್ತೆ ಅವೇ ಕುರ್ಚಿಗಳು. ಅವನು ಹಾಳೆಗಳನ್ನು ತನ್ನ ಮುಂದೆ ಹರಡಿ, ಅಂಚುಗಳನ್ನು ನೇವರಿಸಿ, ಗಂಟಲು ಸರಿಮಾಡಿಕೊಂಡ. ಮೊದಲ ಪುಟದಲ್ಲಿ ಒಂದು ಚಿತ್ರವಿತ್ತು. ಕೆಳಗೆ ಮೂರು ಸಾಲು ಅಲೆ, ಮೇಲೊಂದು ದೋಣಿ. ಚಿತ್ರದ ಕೆಳಗೆ ದಪ್ಪ ಅಕ್ಷರ, ಓರೆ ಅಕ್ಷರ, ದಪ್ಪ ಅಕ್ಷರ, ಓರೆ ಅಕ್ಷರ.

"ಚಿತ್ರವನ್ನು ನೋಡು," ಎಂದು ಅವನು ದಪ್ಪ ಅಕ್ಷರವನ್ನು ಓದಿದ. "ದೋಣಿ ಎಲ್ಲಿಗೆ ಹೋಗುತ್ತಿದೆ?"

ಅರಳು ಬಗ್ಗಿ ಬಹಳ ಹೊತ್ತು ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು.

"ದೋಣಿ ಮಗುಚಿಕೊಂಡಿದೆ ಅಪ್ಪ," ಎಂದಳು. "ಅದ್ರಲ್ಲಿ ಯಾರೂ ಇಲ್ಲ."

ಅವನು ಚಿತ್ರ ನೋಡಿದ. ದೋಣಿ ನೆಟ್ಟಗೇ ಇತ್ತು. ಓರೆ ಅಕ್ಷರ ನೋಡಿದ. ಮಗುಚುವ ಸುದ್ದಿಯೇ ಅಲ್ಲಿರಲಿಲ್ಲ.

"ಎಲ್ಲಿ ಮಗುಚಿದೆ? ಸರಿಯಾಗಿ ನೋಡು. ದೋಣಿ ಎಲ್ಲಿಗೆ ಹೋಗುತ್ತಿದೆ?"

"ಎಲ್ಲಿಗೂ ಹೋಗ್ತಿಲ್ಲ. ನೀರೊಳಗೆ ಮುಳುಗಿದೆ. ನೀರು ಮೇಲಿದೆ." ಅವಳ ದನಿ ಏರಿತು, ಕೈ ಆಡಿತು. "ಅದ್ರಲ್ಲಿದ್ದೋರು ಎಲ್ಲಿ ಹೋದ್ರು ಅಪ್ಪ? ಈಜ್ಕೊಂಡು ಹೋದ್ರಾ? ಅವ್ರಿಗೆ ಈಜು ಬರ್ತಿತ್ತಾ?"

ಸರಿ ಉತ್ತರ ಬರೋವರೆಗೆ ಕೇಳ್ತಾ ಇರಿ. ಅವನು ತಾಳ್ಮೆಯಿಂದ ನಕ್ಕು, ಅದೇ ಏರಿಳಿತದಲ್ಲಿ, ಮೂರನೇ ಸಲ ಕೇಳಿದ. "ದೋಣಿ ಎಲ್ಲಿಗೆ ಹೋಗುತ್ತಿದೆ?"

ಅವಳ ಕೈ ಮಡಿಲಿಗೆ ಇಳಿಯಿತು. ಅವಳು ಈ ಸಲ ಚಿತ್ರವನ್ನು ನೋಡಲಿಲ್ಲ. ಕಣ್ಣು ಹಾಳೆಯ ಇನ್ನೆಲ್ಲೋ ಓಡಾಡಿತು.

"ದೋಣಿಯು ಮನೆಗೆ ಹೋಗುತ್ತಿದೆ."

ಅವನಿಗೆ ರೋಮಾಂಚನವಾಯಿತು. ಬೆರಳಿಟ್ಟು ನೋಡಿದ: ದೋಣಿಯು ಮನೆಗೆ ಹೋಗುತ್ತಿದೆ. ಒಂದಕ್ಷರ ಆಚೀಚೆ ಇಲ್ಲ.

"ದೋಣಿಯನ್ನು ಕಂಡು ನಿನಗೆ ಏನನಿಸುತ್ತದೆ?"

"ದೋಣಿಯನ್ನು ಕಂಡು ನನಗೆ ಬಹಳ ಸಂತೋಷವಾಗುತ್ತದೆ."

"ಸಂತೋಷವಾದಾಗ ನೀನು ಏನು ಮಾಡುತ್ತೀಯೆ?"

"ಸಂತೋಷವಾದಾಗ ನಾನು ನಗುತ್ತೇನೆ," ಎಂದಳು ಅರಳು. ಆಮೇಲೆ ನಕ್ಕಳು. ಅವನು ಪುಟ ನೋಡಿದ. ಅಲ್ಲಿ ಸಣ್ಣದಾಗಿ, 'ಮಗು ನಗುತ್ತದೆ' ಎಂದು ಅಚ್ಚಾಗಿತ್ತು. ಅದರ ಕೆಳಗೆ, 'ಕಲಿಸುವವರು ಮಗುವಿನ ಬೆನ್ನು ತಟ್ಟುತ್ತಾರೆ.'

ಅವನು ಎದ್ದು ಮೇಜನ್ನು ಬಳಸಿ ಹೋದ. ಅವನು ಬರುವ ಮೊದಲೇ ಅರಳು ಬೆನ್ನನ್ನು ಮುಂದಕ್ಕೆ ಬಾಗಿಸಿಕೊಂಡು ಕಾಯುತ್ತಿದ್ದಳು. ಅವನು ತಟ್ಟಿದ. ಅವಳ ಬೆನ್ನು ಎಷ್ಟು ಚಿಕ್ಕದೆಂದು ಅವನಿಗೆ ಆಶ್ಚರ್ಯವಾಯಿತು.

"ಇನ್ನೊಂದ್ಸಲ ಮಾಡೋಣ್ವಾ ಅಪ್ಪ?" ಎಂದಳು ಅವಳು.

ಕೇಳಿದಿರಾ! ತಾನಾಗಿ ಪಾಠ ಬೇಕೆನ್ನುವ ಮಗು! ಇನ್ನೊಂದು ಸಲ ಆಯಿತು, ಮತ್ತೊಂದು ಸಲ ಆಯಿತು. ಮಾದರಿಯಲ್ಲಿದ್ದದ್ದು ಕೆಲವೇ ಪುಟ. ಪ್ರತಿ ಸಲವೂ ಅವಳು ಅಲ್ಲಿ ನಕ್ಕಳು, ಅಲ್ಲಿ ಬಾಗಿದಳು, ಅವನು ಅಲ್ಲಿ ತಟ್ಟಿದ. ಕೊನೆಯ ಪುಟದ ಕೊನೆಯ ಸಾಲು ದಪ್ಪ ಅಕ್ಷರದ್ದು: 'ಈಗ ನಿನ್ನ ಬಗ್ಗೆ ಹೇಳು. ನಿನಗೆ ಏನು ಇಷ್ಟ?' ಅದರ ಉತ್ತರ ಮುಂದಿನ ಪುಟದಲ್ಲಿತ್ತು, ಮುಂದಿನ ಪುಟ ಪೂರ್ತಿ ಪುಸ್ತಕ ಕೊಂಡವರಿಗೆ. ಆ ಸಾಲನ್ನು ಅವನು ಓದದೆ ಬಿಡುತ್ತಿದ್ದ.

ಅವನು ಹೆಂಡತಿಗೆ ಫೋನ್ ಮಾಡಿದ. ಹಿಂದಿನಿಂದ ಡ್ರಿಲ್ಲಿನ ಸದ್ದು ಬರುತ್ತಿತ್ತು.

"ಸಿಕ್ತು! ಡಾಕ್ಟರೇ, ಸಿಕ್ತು! ಒಂದಕ್ಷರ ಆಚೀಚೆ ಇಲ್ಲ!"

"ಏನು ಆಚೀಚೆ ಇಲ್ಲ? ಅಗಲವಾಗಿ ತೆಗೀರಿ. ನಿಮಗಲ್ಲ, ಪೇಷಂಟಿಗೆ."

"ಅವಳು ಮಾತಾಡೋದು. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಮಾತಾಡ್ತಾಳೆ!"

"ಅವಳು ಊಟ ಮಾಡಿದ್ಳಾ?"

"ಸಂಜೆ ಬಾ, ನೋಡುವೆಯಂತೆ," ಎಂದು ಅವನು ಫೋನಿಟ್ಟ. ಮಗಳಿಗೆ ಊಟ ಕೊಟ್ಟಿರಲಿಲ್ಲ. ಎರಡು ಮೊಟ್ಟೆ ಬೇಯಿಸಿದ. ಇಬ್ಬರೂ ಎದುರಾಬದುರು ಕೂತು ತಿಂದರು. ಕಲೆಯಾಗಬಾರದೆಂದು ಹಾಳೆಗಳನ್ನೂ ಪುಸ್ತಕಗಳನ್ನೂ ಪಕ್ಕಕ್ಕಿಟ್ಟಿದ್ದ.

ಮೇಜು ಅಷ್ಟು ಖಾಲಿಯಾಗಿದ್ದದ್ದನ್ನು ಅವನು ನೋಡಿಯೇ ಬಹಳ ದಿನವಾಗಿತ್ತು. ಮಗಳನ್ನು ಏನಾದರೂ ಕೇಳೋಣ ಎನಿಸಿತು. ಏನು ಕೇಳುವುದು? ಮೊಟ್ಟೆ ಹೇಗಿದೆ ಎಂದು ಕೇಳಬಹುದು. ಅವಳು ಚೆನ್ನಾಗಿದೆ ಎನ್ನುತ್ತಾಳೆ. ಆಮೇಲೆ? ಅವಳು ಮೊಟ್ಟೆಯ ಹಳದಿಯನ್ನು ತೆಗೆದು ಬದಿಗಿಟ್ಟಿದ್ದಳು. ಅವಳು ಹಳದಿ ತಿನ್ನುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ ಅವನಿಗೇ ನೆನಪಾಗಲಿಲ್ಲ. ಫ್ರಿಜ್ಜು ಗುರ್ ಎಂದು ನಿಂತಿತು. ಅವನಿಗೆ ಬೆಳಗಿನ ಹೆದರಿಕೆ ಇನ್ನೊಮ್ಮೆ ಬಂತು. ಮಗಳು ಎದುರಿಗೇ ಇರುವಾಗಲೂ ಅದು ಬರಬಹುದೆಂದು ಅವನು ಎಣಿಸಿರಲಿಲ್ಲ.

"ಕೈ ತೊಳ್ಕೊಂಡು ಬಾ," ಎಂದ ಅವಸರವಾಗಿ. "ಅಮ್ಮ ಬರೋದ್ರೊಳಗೆ ಇನ್ನೊಂದ್ಸಲ ಮಾಡೋಣ."

ಹೆಂಡತಿ ಸಂಜೆ ಬಂದು ಬ್ಯಾಗನ್ನೂ ಇಳಿಸಿರಲಿಲ್ಲ, ಅವನು ಅವಳ ಭುಜ ಹಿಡಿದು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ತಾನು ಕಿಟಕಿಯ ಕಡೆ ಕೂತ, ಅರಳು ಎದುರಿಗೆ. ಅವನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು.

"ದೋಣಿ ಎಲ್ಲಿಗೆ ಹೋಗುತ್ತಿದೆ?"

"ದೋಣಿಯು ಮನೆಗೆ ಹೋಗುತ್ತಿದೆ."

ಎಲ್ಲವೂ ನೀರು ಕುಡಿದಷ್ಟು ಸುಲಭವಾಗಿ ಸಾಗಿತು. ಅರಳು ನಕ್ಕಾಗ ಅವಳಮ್ಮನ ಕಣ್ಣು ತುಂಬಿತು. ಆ ಮನೆಯಲ್ಲಿ ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ. ಅವನು ಎದ್ದು ಬೆನ್ನು ತಟ್ಟಿ ಬಂದು ಗೆದ್ದವನ ಹಾಗೆ ಕೂತ. ಇನ್ನು ಹಣ ಕಟ್ಟುವುದೊಂದೇ ಬಾಕಿ, ಸೋಮವಾರ ಎಂಬುದೇ ಇನ್ನಿಲ್ಲ.

"ಚೆನ್ನಾಗಿದೆ," ಎಂದಳು ಹೆಂಡತಿ, ಮೂಗೊರೆಸಿಕೊಂಡು. "ನಾನೂ ಒಂದು ಕೇಳ್ಲಾ ಪುಟ್ಟಾ? ನಿಂಗೆ ಮನೇಲಿ ಅಪ್ಪನ ಹತ್ರ ಕಲಿಯೋದು ಇಷ್ಟಾನಾ, ಸ್ಕೂಲಿಗೆ ಹೋಗೋದು ಇಷ್ಟಾನಾ?"

ಅರಳು ಹಾಳೆ ನೋಡಿದಳು. ಇವತ್ತಿಡೀ ಅವನು ನೋಡಿದ್ದು ಅಕ್ಷರಗಳನ್ನು. ಈಗ ಮೊದಲ ಸಲ ಅವಳ ಕಣ್ಣುಗಳನ್ನು ನೋಡಿದ. ಅವು ಸಾಲಿನಿಂದ ಸಾಲಿಗೆ ಓಡುತ್ತಿದ್ದವು, ಅವಳ ಬಲದಿಂದ ಎಡಕ್ಕೆ, ಒಂದೊಂದೇ ಸಾಲು ದಾಟಿ ಅವನ ಹತ್ತಿರಕ್ಕೆ ಬಂದವು. ಕೊನೆಯ ಸಾಲಿಗೆ ಬಂದು ನಿಂತವು. ಅವಳು ಹಾಳೆಯ ಅಂಚನ್ನು ಎತ್ತಿ ಕೆಳಗೆ ಇಣುಕಿದಳು. ಅಲ್ಲಿ ಮೇಜಿತ್ತು.

"ಅಪ್ಪಾ," ಎಂದಳು ಗಾಬರಿಯಿಂದ, "ಮುಂದಿನ ಪುಟ ಇಲ್ಲ."



"ಅದನ್ನ ನೋಡ್ಬೇಡ ಪುಟ್ಟಾ," ಎಂದಳು ಅಮ್ಮ ಮೆಲ್ಲಗೆ. "ನಿಂಗೇನನ್ಸುತ್ತೋ ಅದನ್ನ ಹೇಳು."

ಅರಳು ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಪೂರ್ತಿ ವಾಕ್ಯದಲ್ಲಾ?"

ಅಮ್ಮ ಹಾಳೆಯನ್ನು ಎತ್ತಿ ಮಗಳ ಕಡೆಗೆ ಸರಿಯಾಗಿ ತಿರುಗಿಸಿಟ್ಟಳು. ಅರಳು ಅದನ್ನು ಮತ್ತೆ ತಲೆಕೆಳಗು ಮಾಡಿಕೊಂಡಳು. "ಹೀಗಿದ್ರೇನೇ ನಂಗೆ ಬೇಗ ಓದೋಕಾಗೋದು," ಎಂದಳು, ತಪ್ಪು ಮಾಡಿದವಳ ದನಿಯಲ್ಲಿ.

ಅವನಿಗೆ ಅರ್ಥವಾದದ್ದು ಆಗ. ಎರಡು ತಿಂಗಳು ಅವನು ಓದು ಕಲಿಸುವ ಪುಸ್ತಕ ಆರಿಸುತ್ತಿದ್ದ. ಎದುರಿಗೆ ಕೂತ ಮಗಳು ಆ ಪುಸ್ತಕಗಳನ್ನೇ ಆಚೆಯಿಂದ, ತಲೆಕೆಳಗಾಗಿ ಓದಿ ಓದಿ ಪಳಗಿಬಿಟ್ಟಿದ್ದಳು! ಹವಾಲ್ದಾರ, ಕನಸುಗಾರ, ಸಂತೆ, ಓರೆ ಅಕ್ಷರ, ಎಲ್ಲ! ಅವನು ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅರಳು ಪುಟದಲ್ಲಿ ಹುಡುಕಿ, ಆ ಸಾಲು ಸಿಕ್ಕಮೇಲೆ ತಾನೂ ನಕ್ಕಳು.

ಹೆಂಡತಿ ನಗಲಿಲ್ಲ.

"ಇವತ್ತು ಇದು ಬಿಟ್ಟು ಅವಳ ಹತ್ರ ಏನು ಮಾತಾಡಿದ್ರಿ?"

ಅವನು ಹೇಳಲೆಂದು ಬಾಯಿ ತೆರೆದ. ಬಾಯಿ ತೆರೆದೇ ಇತ್ತು. ಅವಳು ಅಭ್ಯಾಸಬಲದಿಂದಲೋ ಏನೋ, ಸ್ವಲ್ಪ ಹೊತ್ತು ಅದರೊಳಗೆ ನೋಡಿದಳು. ಆಮೇಲೆ ಎದ್ದಳು.

"ಬಾ ಪುಟ್ಟಾ. ಕೈಕಾಲು ತೊಳ್ಕೊ."

ಬಚ್ಚಲಿನಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು. ಅಮ್ಮ ಏನೋ ಕೇಳಿದಳು. ನೀರು ಸುರಿಯುತ್ತಲೇ ಇತ್ತು, ಉತ್ತರ ಬಂದರೂ ಇಲ್ಲಿಗೆ ಕೇಳಿಸುವಂತಿರಲಿಲ್ಲ. ಅವನಿಗಿನ್ನೂ ನಗು ಪೂರ್ತಿ ನಿಂತಿರಲಿಲ್ಲ. ಬಿಕ್ಕಳಿಕೆಯ ಹಾಗೆ ಆಗೊಂದು ಈಗೊಂದು ಬರುತ್ತಿತ್ತು. ಅವನು ಹಾಳೆಗಳನ್ನು ತನ್ನ ಜಾಗಕ್ಕೆ, ತಾನು ಓದುವ ಹಾಗೆ, ನೀಟಾಗಿ ಜೋಡಿಸಿಟ್ಟ. ಮೊದಲ ಪುಟ ಮೇಲೆ ಬಂತು. ಏಕೋ ಎದ್ದು, ಮೇಜನ್ನು ಬಳಸಿ ಹೋಗಿ, ಅರಳಿನ ಕುರ್ಚಿಯಲ್ಲಿ ದಿಂಬಿನ ಮೇಲೆ ಕೂತ. ಬ್ರೆಡ್ಡಿನ ಚೂರುಗಳು ತೊಡೆಗೆ ಚುಚ್ಚಿದವು.

ಇಲ್ಲಿಂದ ಕಿಟಕಿ ಕಾಣುತ್ತಿತ್ತು, ಸಂಜೆಯ ಬೆಳಕಿಗೆ ಬೆನ್ನು ಹಾಕಿದ ಅವನ ಖಾಲಿ ಕುರ್ಚಿ ಕಾಣುತ್ತಿತ್ತು. ಅವನು ಬಗ್ಗಿ ಹಾಳೆ ನೋಡಿದ. ಭಾಷಾಶಾಸ್ತ್ರದ ಡಾಕ್ಟರಿಗೆ ಒಂದಕ್ಷರವೂ ಓದಲು ಬರಲಿಲ್ಲ. ಚಿತ್ರವೊಂದು ಮಾತ್ರ ಸ್ಪಷ್ಟವಾಗಿತ್ತು. ಮೇಲೆ ಮೂರು ಸಾಲು ನೀರು. ನೀರಿನ ಕೆಳಗೆ ದೋಣಿ.

"ದೋಣಿಯು ಮಗುಚಿಕೊಂಡಿದೆ," ಎಂದು ಅವನು ಎದುರಿನ ಕುರ್ಚಿಗೆ ಹೇಳಿದ. "ಅದರಲ್ಲಿ ಯಾರೂ ಇಲ್ಲ."

ಆಮೇಲೆ ಬೆನ್ನನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಕಾದ.